ಗೋಡೆಗೆ ಹೊದಿಸಿದ ಕೌದಿ

ಅಪ್ಪ ಕನ್ನಡ ಸಂಘದ ಹಾಲ್‌ಗೆ ಹೋಗುವುದನ್ನು ಬಿಟ್ಟಾಗ ಮನೆಯಲ್ಲಿ ಯಾರೂ ಅದನ್ನು ದೊಡ್ಡ ಸಂಗತಿ ಎಂದುಕೊಳ್ಳಲಿಲ್ಲ. ವಯಸ್ಸು ಎಂಬತ್ತರ ಹತ್ತಿರ ಬಂದಿತ್ತು. ನಮ್ಮ ಮನೆ ಇರುವುದು ದಹಿಸರ್ ಪಶ್ಚಿಮದಲ್ಲಿ, ಸಂಘದ ಹಾಲ್ ಪೂರ್ವದಲ್ಲಿ. ನಡುವೆ ಸ್ಟೇಷನ್ನು, ಅದರ ಮೇಲ್ಸೇತುವೆ, ಸೇತುವೆಗೆ ಮುಗಿಯದಷ್ಟು ಮೆಟ್ಟಿಲು. ಮೊಣಕಾಲು ಬೇಡವೆನ್ನುತ್ತಿರಬೇಕು ಎಂದು ನಾನೂ ನನ್ನ ಗಂಡನೂ ಮಾತಾಡಿಕೊಂಡು ಸುಮ್ಮನಾದೆವು.

ಅಪ್ಪ ಧಾರವಾಡದಿಂದ ಗುಮಾಸ್ತಿಕೆಗೆಂದು ಮುಂಬಯಿಗೆ ಬಂದ ಹೊಸದರಲ್ಲಿ ಅವರಿಗೆ ಊಟ ಹಾಕಿದ್ದು, ಬಾಡಿಗೆ ಖೋಲಿ ಹುಡುಕಿಕೊಟ್ಟಿದ್ದು, ಆಮೇಲೆ ಹೆಣ್ಣು ತೋರಿಸಿದ್ದು ಎಲ್ಲ ಆ ಸಂಘದ ಮಂದಿಯೇ. ತಿಂಗಳಿಗೊಂದು ಭಾನುವಾರ ಅಲ್ಲಿ ಏನಾದರೂ ಇರುತ್ತಿತ್ತು. ಭಾಷಣ, ಭಜನೆ, ನಾಟಕ, ಮಕ್ಕಳ ಕತೆ ಸ್ಪರ್ಧೆ, ಇಲ್ಲವೇ ಊರಿನಿಂದ ಬಂದ ಯಾರಾದರೂ ಸುಮ್ಮನೆ ಹರಟೆ ಹೊಡೆಯುವುದು. ಅಮ್ಮ ತೀರಿಕೊಂಡ ಮೇಲಂತೂ ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಡುತ್ತಿದ್ದದ್ದು ಆ ಒಂದು ಭಾನುವಾರ ಮಾತ್ರ. ಹಾಗಾಗಿ ಮೂರು ನಾಲ್ಕು ತಿಂಗಳು ಕಳೆದರೂ ಇಸ್ತ್ರಿ ಅಂಗಿ ಕಪಾಟಿನಿಂದ ಇಳಿಯದಿದ್ದಾಗ ನಾನು ಕೇಳಿಯೇಬಿಟ್ಟೆ.

"ಯಾಕಪ್ಪಾ, ಇವತ್ತೂ ಹೋಗಲಿಲ್ಲೇನು?"

ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. "ಹೋಗಿ ಏನ್ ಮಾಡಲಿ? ನನ್ನ ಕಿವಿ ಹೋಗ್ಯಾವವಾ. ಮಂದಿ ನಕ್ಕಾಗ ನಾನೂ ನಗೂದು, ಮಂದಿ ಚಪ್ಪಾಳಿ ಹೊಡದಾಗ ನಾನೂ ಹೊಡಿಯೂದು. ಹಂಗ ಕುಂತು ಬರೂದಕ್ಕಿಂತ ಮನ್ಯಾಗ ಇರೂದು ಛಲೋ."

ಅದನ್ನು ಕೇಳಿ ನನಗೆ ಹೇಗಾಯಿತೆಂದು ಹೇಳುವ ಮೊದಲು ನಾನು ಏನು ಕೆಲಸ ಮಾಡುತ್ತೇನೆಂದು ಹೇಳಬೇಕು. ನಾನು ಶಬ್ದದ ಎಂಜಿನಿಯರ್. ಬಾಂದ್ರಾದ ಒಂದು ಸಣ್ಣ ಆಫೀಸಿನಲ್ಲಿ ಇಪ್ಪತ್ತು ವರ್ಷಗಳಿಂದ ಇದೇ ಕೆಲಸ. ಹೊಸ ಕಟ್ಟಡ ಕಟ್ಟುವವರು, ರೆಕಾರ್ಡಿಂಗ್ ಸ್ಟುಡಿಯೋದವರು, ಆಸ್ಪತ್ರೆಯವರು ಬರುತ್ತಾರೆ. ಕೋಣೆಯೊಳಗೆ ಮಾತು ಸ್ಪಷ್ಟವಾಗಿ ಕೇಳಬೇಕು, ಹೊರಗಿನ ಗದ್ದಲ ಒಳಗೆ ಬರಬಾರದು, ಜನರೇಟರಿನ ನಡುಕ ಮಹಡಿ ಏರಬಾರದು ಎನ್ನುತ್ತಾರೆ. ನಾವು ಅಳೆದು, ಲೆಕ್ಕ ಹಾಕಿ, ಗೋಡೆ ಹೇಗಿರಬೇಕು, ಛಾವಣಿಗೆ ಏನು ಹಾಕಬೇಕು ಎಂದು ಹೇಳುತ್ತೇವೆ. ನಮ್ಮ ಬಿಲ್ಡಿಂಗಿನವರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಗಣಪತಿ ಹಬ್ಬ ಬಂದರೆ, "ತಾಯಿ, ನಿಮ್ಮ ಕಡೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಸಿಗುತ್ತಾ?" ಎಂದು ಮರಾಠಿಯಲ್ಲಿ ಕೇಳುತ್ತಾರೆ.

ಈ ಕೆಲಸದ ಮೇಲೆ ನನಗೆ ಮನಸ್ಸು ಬಿದ್ದದ್ದು ಎಲ್ಲಿಂದ ಎಂದು ಯಾರಾದರೂ ಕೇಳಿದರೆ ನಾವು ಮೊದಲಿದ್ದ ಚಾಳ್‌ನ ನೆನಪಾಗುತ್ತದೆ. ಅದು ರೈಲು ಹಳಿಗೆ ಅಂಟಿಕೊಂಡೇ ಇತ್ತು. ಲೋಕಲ್ ಹಾದುಹೋಗುವಾಗ ಅಪ್ಪ ಮಾತಿನ ನಡುವೆ ಬಾಯಿ ಮುಚ್ಚಿ, ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಕಾಯುತ್ತಿದ್ದರು. ಗಾಡಿ ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಮುಂದುವರಿಯುತ್ತಿದ್ದರು. ಕಿರುಚಿ ಮಾತಾಡುವುದು ಅವರಿಗೆ ಆಗುತ್ತಿರಲಿಲ್ಲ. ನಾವೂ ಹಾಗೆಯೇ ಕಲಿತೆವು. ಒಂದು ಮಾತು ಕೇಳಿಸಬೇಕಾದರೆ ಸುತ್ತ ಸ್ವಲ್ಪ ಮೌನ ಬೇಕು ಎಂಬುದು ನನಗೆ ಪುಸ್ತಕ ಓದುವ ಮೊದಲೇ ತಿಳಿದಿತ್ತು. ಅಂಥ ಮನುಷ್ಯ ಈಗ ಮಾತು ಕೇಳಿಸುತ್ತಿಲ್ಲವೆಂದು ಮನೆಯಲ್ಲಿ ಕೂತರೆ, ಮಗಳಾಗಿ ನನಗೆ ಸಂಕಟವಾಯಿತು. ಜಗತ್ತಿನ ಮಂದಿಗೆಲ್ಲ ಕೇಳಿಸುವ ವ್ಯವಸ್ಥೆ ಮಾಡಿಕೊಡುವವಳು ನಾನು.

ಬೋರಿವಲಿಯಲ್ಲಿ ಕಿವಿ ಪರೀಕ್ಷೆ ಮಾಡುವ ಒಬ್ಬ ಹೆಣ್ಣುಮಗಳ ಬಳಿ ಕರೆದುಕೊಂಡು ಹೋದೆ. ಅಪ್ಪನನ್ನು ಸಣ್ಣ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗಲೆಲ್ಲ ಬೆರಳೆತ್ತಿ ಎಂದಳು. ಅಪ್ಪ ಪರೀಕ್ಷೆಗೆ ಕೂತ ವಿದ್ಯಾರ್ಥಿಯ ಹಾಗೆ ಕಣ್ಣು ಮುಚ್ಚಿ ಬೆರಳೆತ್ತುತ್ತಿದ್ದರು. ಮುಗಿದ ಮೇಲೆ ಅವಳು ನಗುತ್ತ, "ಈ ವಯಸ್ಸಿಗೆ ಇದು ಬಹಳ ಒಳ್ಳೆಯ ಕಿವಿ. ಕೀಚು ದನಿಗಳು ಸ್ವಲ್ಪ ಕಡಿಮೆ ಕೇಳಿಸುತ್ತವೆ, ಅಷ್ಟೆ. ಸದ್ಯಕ್ಕೆ ಮಷೀನು ಬೇಡ," ಎಂದಳು. ಅಪ್ಪ ನಂಬಲಿಲ್ಲ.

"ಭಾಳ ಛಲೋ ಹುಡುಗಿ ಅಕಿ," ಎಂದರು ರಿಕ್ಷಾದಲ್ಲಿ. "ನನ್ನ ಮನಸ್ಸಿಗೆ ನೋವಾಗಬಾರ್ದು ಅಂತ ಹಂಗಂದ್ಲು."

ಮುಂದಿನ ತಿಂಗಳು ಸಂಘದಲ್ಲಿ ಮಕ್ಕಳ ಕತೆ ಸ್ಪರ್ಧೆ ಇತ್ತು. ನೀನು ಜೊತೆಗಿದ್ದರೆ ಅಜ್ಜ ಬರುತ್ತಾರೆ, ಹೋಗಿ ಬಾ ಎಂದು ನನ್ನ ಮಗಳಿಗೆ ಹೇಳಿದೆ. ಆಗ ಅವಳು ಜೂನಿಯರ್ ಕಾಲೇಜಿನಲ್ಲಿದ್ದಳು. ಚಿಕ್ಕವಳಿದ್ದಾಗ ಅಜ್ಜನ ಬೆರಳು ಹಿಡಿದು ಹೋಗುತ್ತಿದ್ದವಳು ಈಗ ಮುಖ ಸಪ್ಪೆ ಮಾಡಿದಳು.

"ಮಮ್ಮಾ, ಪ್ಲೀಸ್. ಅಲ್ಲಿ ನಂಗೆ ಕುಛ್ ಭೀ ಸಮಜ್ ಆಗೂದಿಲ್ಲ. ಮನ್ಯಾಗ ಅಜ್ಜ ಮಾತಾಡಿದ್ರೆ ಆಗತದ, ಅಲ್ಲಿ ಆಗೂದಿಲ್ಲ. ಮೇರಾ ಕನ್ನಡ ಬಹುತ್ ಖರಾಬ್ ಹೋಗಯಾ ಹೈ."

ಮನೆಯಲ್ಲಿ ಅರ್ಥವಾಗುವ ಕನ್ನಡ ಅಲ್ಲಿ ಯಾಕೆ ಅರ್ಥವಾಗುವುದಿಲ್ಲ? ಆ ಪ್ರಶ್ನೆ ನನ್ನನ್ನು ಎಳೆದುಕೊಂಡು ಹೋಯಿತು. ಸೈಟು, ಗಡುವು, ಮನೆ ಎಂದು ನಾನೇ ಆ ಹಾಲ್‌ಗೆ ಕಾಲಿಡದೆ ವರ್ಷಗಳಾಗಿದ್ದವು. ಆ ಭಾನುವಾರ ಇಬ್ಬರನ್ನೂ ಒತ್ತಾಯ ಮಾಡಿ ಹೊರಡಿಸಿದೆ.

ಹಾಲ್ ಗುರುತೇ ಸಿಗದಂತೆ ಬದಲಾಗಿತ್ತು. ನಾನು ಕಂಡಿದ್ದು ಹಳೆಯ ಗೋದಾಮು. ಮೇಲೆ ಮರದ ಹಲಗೆಯ ಛಾವಣಿ, ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಅಗಲವಾದ ಜಮಖಾನೆ. ಧೂಳಿನ ವಾಸನೆಗೆ ಸೀನು ಬರುತ್ತಿತ್ತು. ಈಗ ನೆಲಕ್ಕೆ ಮುಖ ಕಾಣುವಂಥ ಟೈಲ್ಸ್, ಗೋಡೆಯ ಅರ್ಧದವರೆಗೆ ಗ್ರಾನೈಟ್, ಕಿಟಕಿಗಳಿಗೆ ಉದ್ದುದ್ದ ಗಾಜು, ಛಾವಣಿಗೆ ನುಣುಪಾದ ಪ್ಲಾಸ್ಟರು, ಸ್ಟೀಲಿನ ಕುರ್ಚಿಗಳು. ಎಲ್ಲಿ ನೋಡಿದರೂ ಹೊಳಪು. ಸಂಘದ ಕಾರ್ಯದರ್ಶಿಗಳು ಮೈಕ್ ಹಿಡಿದು ಸ್ವಾಗತ ಹೇಳಿದರು. ಬೆಳಗಾವಿ ಜಿಲ್ಲೆಯವರು, ದಹಿಸರ್‌ನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ, ನನ್ನನ್ನು ಫ್ರಾಕ್ ಹಾಕುವ ಕಾಲದಿಂದ ಬಲ್ಲವರು. ಅವರ ದನಿ ಎಲ್ಲ ಕಡೆಯಿಂದಲೂ ಬಂತು, ಯಾವ ಕಡೆಯಿಂದಲೂ ಅರ್ಥವಾಗಲಿಲ್ಲ.

ಮಗಳು ನನ್ನ ಕಿವಿಯಲ್ಲಿ, "ಮಮ್ಮಾ, ಕತ್ತೆ ಸ್ಪರ್ಧೆ ಅಂದ್ರ ಡಾಂಕಿ ಕಾಂಪಿಟಿಷನ್ ನಾ?" ಎಂದಳು.

ನಗು ಬಂತು. ಆದರೆ ಅವಳಿಗೆ ಕನ್ನಡ ಬಾರದೆ ಹಾಗೆ ಕೇಳಿದ್ದಲ್ಲ. ನನಗೂ 'ಕತ್ತೆ' ಎಂದೇ ಕೇಳಿಸಿತ್ತು. ಬಿಡುವಿನಲ್ಲಿ ಮಂದಿ ಚಹಾಕ್ಕೆ ಎದ್ದು ಹೋದಾಗ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದೆ. ಆ ಸದ್ದು ಗಾಜಿಗೆ, ಗ್ರಾನೈಟಿಗೆ, ನೆಲಕ್ಕೆ ಬಡಿದು, ಮೂಲೆ ಮೂಲೆ ತಿರುಗಿ, ಸಾಯಲು ಮನಸ್ಸಿಲ್ಲದೆ ಎಳೆದುಕೊಂಡೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾತು ಗಾಳಿಯಲ್ಲಿ ಅಲೆಯಾಗಿ ಹೋಗುತ್ತದೆ. ಗಟ್ಟಿಯಾದ ನುಣುಪು ಗೋಡೆ ಸಿಕ್ಕರೆ ಹೆಚ್ಚುಕಡಿಮೆ ಹೋದ ಹಾಗೆಯೇ ವಾಪಸು ಬರುತ್ತದೆ. ಬಟ್ಟೆ, ಹತ್ತಿ, ನಾರಿನಂಥ ಗಾಳಿಯಾಡುವ ಮೆತ್ತನೆಯ ವಸ್ತು ಸಿಕ್ಕರೆ ಎಳೆಗಳ ಸಂದಿಯೊಳಗೆ ನುಗ್ಗಿ, ಉಜ್ಜಿಕೊಂಡು, ಅಲ್ಲೇ ಸವೆದುಹೋಗುತ್ತದೆ. ಎಲ್ಲವೂ ಗಟ್ಟಿಯಾದ ಕೋಣೆಯಲ್ಲಿ ಒಂದು ಅಕ್ಷರದ ಬಾಲ ಮುಗಿಯುವುದರೊಳಗೆ ಮುಂದಿನ ಅಕ್ಷರ ಹುಟ್ಟುತ್ತದೆ. 'ಕತೆ'ಗೂ 'ಕತ್ತೆ'ಗೂ ಇರುವ ಭೇದವೆಲ್ಲ ನಡುವಿನ ಒಂದು ಸಣ್ಣ ಮೌನದಲ್ಲಿದೆ. ನಾಲಗೆ ಹಲ್ಲಿಗೆ ತಾಗಿ ಎಷ್ಟು ಹೊತ್ತು ತಡೆಯುತ್ತದೆ ಎಂಬುದಷ್ಟೇ. ಹಿಂದಿನ ಸ್ವರದ ಬಾಲ ಬಂದು ಆ ಮೌನದ ಮೇಲೆ ಮಲಗಿಬಿಟ್ಟರೆ ಎರಡೂ ಒಂದೇ. ನಮ್ಮ ಭಾಷೆ ಒತ್ತಕ್ಷರದ ಭಾಷೆ. ಆ ಹಾಲ್ ನಮ್ಮ ಒತ್ತಕ್ಷರಗಳನ್ನೆಲ್ಲ ಕಲಸಿಹಾಕುತ್ತಿತ್ತು. ಭಾಷೆ ಚೆನ್ನಾಗಿ ಬಲ್ಲ, ಕಿವಿ ಗಟ್ಟಿಯಿರುವ ಮಂದಿ ಹೇಗೋ ತುಂಬಿಸಿಕೊಂಡು ಕೇಳುತ್ತಾರೆ. ಮೊದಲು ಸೋಲುವವರು ಮುದುಕರು, ಭಾಷೆಯಲ್ಲಿ ತಡವರಿಸುವ ಮಕ್ಕಳು. ಅಜ್ಜ ತಮ್ಮ ಕಿವಿಯನ್ನು ಬೈದುಕೊಂಡರು, ಮೊಮ್ಮಗಳು ತನ್ನ ಕನ್ನಡವನ್ನು ಬೈದುಕೊಂಡಳು. ಗೋಡೆಯನ್ನು ಯಾರೂ ಬೈಯಲಿಲ್ಲ.

ಕಾರ್ಯದರ್ಶಿಗಳ ಬಳಿ ಹೋಗಿ ಹೇಳಿದೆ. ಮನೆಮನೆ ಹತ್ತಿ ದೇಣಿಗೆ ಎತ್ತಿ ಆ ಹಾಲ್ ಮಾಡಿಸಿದವರು ಅವರೇ. ಮುಖ ಸಣ್ಣದಾಯಿತು.

"ಅಲ್ಲ ತಂಗೀ, ಇಷ್ಟ್ ಛಂದ ಗ್ರಾನೈಟ್ ಹಾಕ್ಸೇವಿ. ನೋಡಿದವರೆಲ್ಲ ಹೊಗಳ್ಯಾರ. ಕೇಳಸಂಗಿಲ್ಲ ಅಂದ್ರ ಇನ್ನೆರಡು ದೊಡ್ಡ ಸ್ಪೀಕರ್ ಹಚ್ಚೋಣಲ್ಲ?"

"ಸ್ಪೀಕರ್ ಹಚ್ಚಿದ್ರ ಗದ್ದಲ ಜಾಸ್ತಿ ಆಗತದ್ರಿ ಕಾಕಾ. ಮಾತು ಕೇಳಸೂದಿಲ್ಲ. ದನಿ ಕಡಿಮಿ ಇಲ್ಲ ಇಲ್ಲಿ, ದನಿ ಸಾಯವಲ್ತು."

ಅವರು ಚಹಾದ ಕಪ್ಪಿನೊಳಗೆ ನೋಡಿದರು. ನನಗೂ ಅವರನ್ನು ನೋಯಿಸುವ ಮನಸ್ಸಿರಲಿಲ್ಲ. ಒಂದು ಭಾನುವಾರ ಅಳತೆ ಮಾಡಿಕೊಡುತ್ತೇನೆ, ಆಮೇಲೆ ನೋಡೋಣ ಎಂದು ಬಂದೆ. ನಮ್ಮ ಆಫೀಸಿನ ಹಿರಿಯರು, ನನಗೆ ಈ ಕೆಲಸವನ್ನು ಕೈಹಿಡಿದು ಕಲಿಸಿದವರು, ಸದ್ದು ಅಳೆಯುವ ಯಂತ್ರವನ್ನು ಒಯ್ಯಲು ಒಪ್ಪಿದ್ದಲ್ಲದೆ ಆ ಭಾನುವಾರ ಅಂಧೇರಿಯಿಂದ ತಾವೇ ಬಂದರು. ದೊಡ್ಡ ಬಲೂನು ಊದಿ ಒಡೆಯುವುದು, ಸದ್ದು ಸಾಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವುದು. ಮೂರು ಸೆಕೆಂಡಿಗೂ ಮೀರಿ ಎಳೆಯುತ್ತಿತ್ತು. ಮಾತಿನ ಕೋಣೆಗೆ ಅದರ ಮೂರನೇ ಒಂದು ಪಾಲು ಸಾಕು. ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತ, "ಯಹಾಂ ತೋ ಭಗವಾನ್ ಭೀ ಬೋಲೇಂಗೆ ತೋ ಸಮಜ್ ನಹೀಂ ಆಯೇಗಾ," ಎಂದರು. ದೇವರೇ ಬಂದು ಮಾತಾಡಿದರೂ ಇಲ್ಲಿ ಅರ್ಥವಾಗದಂತೆ.

ಆದರೆ ನಾವು ಸ್ಟುಡಿಯೋಗಳಿಗೆ ಹಾಕಿಸುವ ಹಲಗೆಗಳು ಸಂಘದ ಕೈಗೆ ಎಟಕುವಂಥವಲ್ಲ. ಅಷ್ಟು ದೇಣಿಗೆ ಕೊಟ್ಟು ದಣಿದ ಮಂದಿಯ ಮುಂದೆ ಇನ್ನೊಮ್ಮೆ ಕೈಚಾಚಿ ಎನ್ನಲು ನನಗೆ ಬಾಯಿ ಬರಲಿಲ್ಲ. ವಿಷಯ ಅಲ್ಲಿಗೇ ನಿಂತಿತು.

ನಮ್ಮ ಆಫೀಸಿನಲ್ಲಿ ಕಸ ಗುಡಿಸಿ, ಚಹಾ ಮಾಡಿಕೊಡುವ ಒಬ್ಬರಿದ್ದಾರೆ. ಎಲ್ಲರೂ ಮರಾಠಿಯಲ್ಲಿ ಮಾವ್ಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ವಿಜಯಪುರದ ಕಡೆಯವರೆಂದು ತಿಳಿದ ದಿನದಿಂದ ನಾನು ಅಕ್ಕ ಎನ್ನುತ್ತೇನೆ. ನನಗಿಂತ ಐದಾರು ವರ್ಷ ದೊಡ್ಡವರು. ಮಧ್ಯಾಹ್ನ ಚಹಾದ ಕೋಣೆಯಲ್ಲಿ ಇಬ್ಬರೂ ಐದು ನಿಮಿಷ ಕನ್ನಡದಲ್ಲಿ ಮಾತಾಡಿದರೆ ಇಬ್ಬರಿಗೂ ಹೊಟ್ಟೆ ತಂಪು. ಅವರ ಮೊಮ್ಮಗುವಿಗೆ ಹೆಸರಿಡುವ ದಿನ ನನ್ನನ್ನು ಧಾರಾವಿಗೆ ಕರೆದರು. ಕೆಳಗೆ ಚರ್ಮದ ಚೀಲ ಹೊಲಿಯುವ ಕಾರ್ಖಾನೆ, ಮೇಲೆ ಕಬ್ಬಿಣದ ಏಣಿ ಹತ್ತಿದರೆ ಅವರ ಮನೆ. ಒಂದೇ ಕೋಣೆ. ಅಕ್ಕಪಕ್ಕದ ಗೋಡೆಗಳು ತಗಡು. ಅಷ್ಟು ಮಂದಿ ಹೆಂಗಸರು ತೊಟ್ಟಿಲ ಸುತ್ತ ಹಾಡುತ್ತಿದ್ದರೂ ಒಳಗೆ ಕಿವಿಗೆ ಹಿತವಾಗಿತ್ತು. ಒಬ್ಬೊಬ್ಬರ ದನಿಯೂ ಬೇರೆ ಬೇರೆ ಕೇಳುತ್ತಿತ್ತು. ಯಾಕೆಂದು ನೋಡಿದರೆ, ಮೂರು ಗೋಡೆಗಳಿಗೂ ಮೇಲಿಂದ ಕೆಳಗಿನವರೆಗೆ ಕೌದಿ ತೂಗುಹಾಕಿದ್ದರು. ಹಳೆಯ ಸೀರೆ, ಲಂಗ, ಹೊಲಿಗೆ ಅಂಗಡಿಗಳ ಚಿಂದಿ ಎಲ್ಲ ಪದರ ಪದರವಾಗಿ ಸೇರಿಸಿ, ಅಂಗೈಯಷ್ಟು ಜಾಗವನ್ನೂ ಬಿಡದೆ ಸಾಲುಸಾಲಾಗಿ ಕೈಹೊಲಿಗೆ ಹಾಕಿದ ನಮ್ಮ ಕಡೆಯ ಹೊದಿಕೆಗಳು.

"ಇಷ್ಟೊಂದು ಕೌದಿ ಯಾಕ್ರಿ ಅಕ್ಕಾ, ಮುಂಬಯಿ ಸೆಕೆಯೊಳಗ?"

"ಹೊಚ್ಚಿಕೊಳ್ಳಾಕ ಅಲ್ರಿ ಮೇಡಮ್. ಬರೀ ತಗಡು ಇದ್ರ ಮನಿ ಭಣಭಣ ಅಂತೈತ್ರಿ. ಕೂಸು ಅತ್ರ ತಲಿ ಒಡದಂಗ ಆಕ್ಕೈತಿ. ಇವನ್ನ ಹಾಕಿದಮ್ಯಾಗ ಮನಿ ತಣ್ಣಗಾತ್ರಿ."

ಕೌದಿ ಆಚೆಮನೆಯ ಸದ್ದನ್ನು ತಡೆಯಲಾರದು. ಅದಕ್ಕೆ ಭಾರವಾದ ಗೋಡೆಯೇ ಬೇಕು. ಒಳಗಿನ ಸದ್ದು ಮರುದನಿಯಾಗುವುದನ್ನು ಮಾತ್ರ ಅದು ಚೆನ್ನಾಗಿ ಹೀರುತ್ತದೆ. ನಮಗೆ ಬೇಕಾಗಿದ್ದೂ ಅದೇ. ಹಾಲ್‌ನಿಂದ ಜಮಖಾನೆ, ಪರದೆಗಳು ಹೊರಗೆ ಹೋದದ್ದರಿಂದಲೇ ತಾನೆ ಕೆಟ್ಟದ್ದು! ತೊಟ್ಟಿಲ ಪಕ್ಕ ನಿಂತೇ ನಾನು ಅಕ್ಕನಿಗೆ ಸಂಘದ ಕತೆಯನ್ನೆಲ್ಲ ಹೇಳಿದೆ. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

"ಹಂಗಾರ ಹೊಲದು ಕೊಡ್ತೀವಿ ತಗೋರಿ. ನಮ್ಮ ಗಲ್ಲ್ಯಾಗ ಹೊಲಿಯಾಕ ಬರೂ ಹೆಣಮಕ್ಕಳು ಭಾಳ ಮಂದಿ ಅದಾರ."

ಮರುದಿನ ಅಕ್ಕ ಮನೆಯಿಂದ ಕೆಲವು ಕೌದಿ ತಂದರು. ಆಫೀಸಿನ ಖಾಲಿ ಕೋಣೆಯೊಂದರಲ್ಲಿ ಹಗ್ಗ ಕಟ್ಟಿ ನೇತುಹಾಕಿ ಅಳೆದೆವು. ಗೋಡೆಗೆ ಅಂಟಿಸಿದಾಗ ಕೀಚು ದನಿಗಳನ್ನಷ್ಟೇ ಹೀರುತ್ತಿದ್ದ ಕೌದಿ, ಗೋಡೆಯಿಂದ ಒಂದು ಗೇಣು ಮುಂದೆ ತಂದು, ನೆರಿಗೆ ಬಿಟ್ಟು ತೂಗುಹಾಕಿದಾಗ ತಗ್ಗು ದನಿಗಳನ್ನೂ ಸಾಕಷ್ಟು ಹಿಡಿಯಿತು. ಹಿಂದೆ ಉಳಿಯುವ ಗಾಳಿಯ ಪದರ ಅಷ್ಟು ಕೆಲಸ ಮಾಡುತ್ತದೆ. ಹಿರಿಯರು ಕಂಪ್ಯೂಟರ್ ಪರದೆಯ ಮೇಲಿನ ಗೆರೆಯನ್ನೂ ಕೌದಿಯನ್ನೂ ಸರದಿಯಲ್ಲಿ ನೋಡಿ, ಅಕ್ಕನಿಗೆ "ಮಾವ್ಶಿ, ಬಢಿಯಾ ಚೀಜ್ ಹೈ," ಎಂದರು. ಅಕ್ಕ ನಾಚಿ ಚಹಾ ಇಡಲು ಹೋದರು.

ಕಾರ್ಯದರ್ಶಿಗಳು ಮಾತ್ರ ಒಪ್ಪಲಿಲ್ಲ.

"ಕೌದಿ? ಗೋಡಿಗೆ? ಗ್ರಾನೈಟ್ ಮ್ಯಾಲ?" ಅಂಗಡಿಯಲ್ಲಿ ಗಿರಾಕಿಗಳು ತಿರುಗಿ ನೋಡುವಷ್ಟು ದನಿ ಏರಿತು. "ತಂಗೀ, ಬಂದವರು ಇದೇನು ಧೋಬಿಘಾಟ್ ಏನು ಅಂತ ಕೇಳ್ತಾರ ನೋಡು."

"ಒಂದ ಸಲ ನೋಡ್ರಿ ಕಾಕಾ. ಒಂದ ಭಾನುವಾರ. ಬ್ಯಾಡಂದ್ರ ಅವತ್ತ ತಗೀತೀನಿ."

ಆಗ ನನ್ನ ನೆರವಿಗೆ ಬಂದದ್ದು ಸಂಘದ ಹೆಂಗಸರು. ಸುದ್ದಿ ಹೇಗೋ ಹಬ್ಬಿ, ಒಂದು ಭಾನುವಾರದ ಪರೀಕ್ಷೆಗೆ ಅವರೇ ಕಾರ್ಯದರ್ಶಿಗಳನ್ನು ಒಪ್ಪಿಸಿದರು. ಪರೀಕ್ಷೆಯ ಭಾನುವಾರ ಯಾರು ಯಾರ ಮನೆಯಲ್ಲಿ ಏನೇನಿತ್ತೋ ಎಲ್ಲವೂ ಹಾಲ್‌ಗೆ ಬಂತು. ತವರಿನ ಕೌದಿ, ರಜಾಯಿ, ಜಮಖಾನೆ, ಬಾಣಂತನದ ಗಾದಿ, ಒಬ್ಬರು ಸೋಫಾದ ಕುಶನ್ನುಗಳನ್ನೂ ಹೊತ್ತು ತಂದಿದ್ದರು. ವಿರಾರದಿಂದ ಬಂದ ದಂಪತಿ ಲೋಕಲ್‌ನಲ್ಲಿ ಸುರುಳಿ ಸುತ್ತಿದ ಹಾಸಿಗೆ ಹಿಡಿದು ನಿಂತಿದ್ದರೆ, ಮನೆ ಖಾಲಿ ಮಾಡಿದ್ದೀರಾ ಎಂದು ಮಂದಿ ಕೇಳಿದರಂತೆ. ಧಾರಾವಿಯಿಂದ ಅಕ್ಕ ಮತ್ತು ಅವರ ಗಲ್ಲಿಯ ಇಬ್ಬರು ಗಂಟು ಹೊತ್ತು ಬಂದರು. ಕಿಟಕಿಯಿಂದ ಕಿಟಕಿಗೆ ಹಗ್ಗ ಬಿಗಿದು ತೂಗುಹಾಕಿದೆವು. ಕಾರ್ಯದರ್ಶಿಗಳು ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದರು.

ವೇದಿಕೆಯ ಮೇಲೆ ಹಗ್ಗ ಕಟ್ಟುತ್ತಿದ್ದ ಅಕ್ಕ, ನಾನು ಹೇಳಿಕೊಟ್ಟದ್ದಲ್ಲ, ಸಹಜವಾಗಿ ಆ ಕಡೆ ತಿರುಗಿ ಮಾತಾಡಿಸಿದರು.

"ಯಜಮಾನ್ರ, ನಿಮ್ಮೂರು ಯಾವುದ್ರಿ?"

ಮೈಕ್ ಇರಲಿಲ್ಲ. ದನಿ ಎತ್ತಿರಲೂ ಇಲ್ಲ. ಕಾರ್ಯದರ್ಶಿಗಳು ತಮ್ಮಷ್ಟಕ್ಕೆ ಉತ್ತರಿಸಿದರು. "ಗೋಕಾಕ ಹತ್ರರಿ. ನಿಮ್ಮದು?"

"ಇಂಡಿ ಕಡೇರಿ. ನಮ್ಮಕ್ಕನ್ನ ಗೋಕಾಕಕ್ಕ ಕೊಟ್ಟಾರ್ರಿ."

"ಹೌದಾ? ಗೋಕಾಕದಾಗ ಯಾರ ಮನಿಗ್ರಿ?"

ಹಾಗೆ ಎರಡು ಮೂರು ಮಾತಾಗಿ, ಸಂಬಂಧದ ಎಳೆ ಸಿಗುವಷ್ಟರಲ್ಲಿ ಕಾರ್ಯದರ್ಶಿಗಳು ಥಟ್ಟನೆ ಎದ್ದು ನಿಂತರು. ಅಕ್ಕನನ್ನು ನೋಡಿದರು, ತಮ್ಮ ಕುರ್ಚಿಯನ್ನು ನೋಡಿದರು, ನಡುವಿನ ಉದ್ದವನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಆತು ತಂಗೀ. ಆದ್ರ ಛಂದ ಇರಬೇಕು. ಮದವಿ ಮನ್ಯಾಗ ಹಾಕಿದಂಗ ಇರಬೇಕು," ಎಂದರು.

ಮುಂದಿನದ್ದು ಕೆಲಸ. ಸಾರ್ವಜನಿಕ ಹಾಲ್‌ನಲ್ಲಿ ಅಷ್ಟು ಬಟ್ಟೆ ತೂಗುಹಾಕುವಾಗ ಬೆಂಕಿಯ ಭಯ ಇದ್ದೇ ಇರುತ್ತದೆ. ಬಿಳಿಗಾರ, ಅಂದರೆ ಬೊರಾಕ್ಸ್, ಮತ್ತು ಬೋರಿಕ್ ಪುಡಿ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಒಣಗಿಸಿದರೆ ಅದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಟೆರೇಸಿನ ಮೇಲೆ ತುಂಡುಗಳಿಗೆ ಕಡ್ಡಿ ಗೀರಿ ಗೀರಿ, ಕರಕಲಾಗಿ ಆರಿಹೋಗುವ ಹದ ಸಿಗುವವರೆಗೆ ಹಿರಿಯರೂ ನಾನೂ ಪ್ರಯೋಗ ಮಾಡಿದೆವು. ಧಾರಾವಿಯ ಹೆಂಗಸರು ದಪ್ಪನೆಯ ಅಪ್ಪಟ ಹತ್ತಿಯ ಕೌದಿಗಳನ್ನು ಹೊಸದಾಗಿ ಹೊಲಿದರು. ಸಂಘ ಅವರಿಗೆ ಕೂಲಿಯನ್ನು ಗೌರವದಿಂದ ಕೊಟ್ಟಿತು. ನಾನು ಒಂದು ಸಂಜೆ ಆ ಗಲ್ಲಿಗೆ ಹೋದಾಗ ನಾಲ್ಕು ಮಂದಿ ಒಂದೇ ಕೌದಿಯ ನಾಲ್ಕು ಅಂಚಿನಲ್ಲಿ ಕೂತು, ಹಾಡು ಗುನುಗುತ್ತ, ಹೊಲಿಯುತ್ತ ನಡುವಿನ ಕಡೆಗೆ ಬರುತ್ತಿದ್ದರು. ನನ್ನ ಕೈಗೂ ಸೂಜಿ ಕೊಟ್ಟರು. ನನ್ನ ಹೊಲಿಗೆ ಓರೆಕೋರೆಯಾದಾಗ ಒಬ್ಬಾಕೆ, "ಇರಲಿ ಬಿಡ್ರಿ, ಅದೂ ಒಂದು ನಮೂನಿ," ಎಂದು ನಕ್ಕಳು. ಬಡಿಗರು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಮರದ ಚೌಕಟ್ಟು ನಿಲ್ಲಿಸಿದರು. ಹಿಂದಿನ ಗೋಡೆ ಪೂರ್ತಿ, ಎರಡು ಪಕ್ಕದ ಗಾಜುಗಳ ನಡುನಡುವೆ, ಛಾವಣಿಯ ಕೆಳಗೂ ಕೆಲವು. ಗ್ರಾನೈಟ್ ಅಲ್ಲಲ್ಲಿ ಕಾಣುವಂತೆ ಬಿಟ್ಟೆವು. ಅದು ಕಾರ್ಯದರ್ಶಿಗಳಿಗಾಗಿ.

ಮತ್ತೆ ಅಳೆದಾಗ ಸದ್ದು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಸುಮ್ಮನಾಯಿತು. ಹಿರಿಯರು ನನ್ನ ಬೆನ್ನು ತಟ್ಟಿದರು. ಅವರು ಬೆನ್ನು ತಟ್ಟುವವರಲ್ಲ.

ಮೊದಲ ಕಾರ್ಯಕ್ರಮ ಹರಟೆ. ಹುಬ್ಬಳ್ಳಿಯಿಂದ ಮಗಳ ಮನೆಗೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಶಾಲೆಯ ಪ್ರಸಂಗಗಳನ್ನು ಹೇಳುವವರಿದ್ದರು. ಅಪ್ಪನನ್ನು ಹೊರಡಿಸಲು ಬಹಳ ಹೇಳಬೇಕಾಯಿತು. ಕೊನೆಗೆ ಮಗಳೇ ಅಂಗಿ ತಂದು ಕೈಗಿಟ್ಟಳು. ಅಪ್ಪ ಮುಂದೆ ಕೂರಲು ಒಪ್ಪದೆ, ಬೇಸರವಾದರೆ ಎದ್ದು ಹೋಗಲು ಸುಲಭವೆಂದು ಬಾಗಿಲ ಪಕ್ಕದ ಹಿಂದಿನ ಸಾಲು ಹಿಡಿದರು. ನಾನು ವೇದಿಕೆಯ ಕಡೆ ನೋಡಲೇ ಇಲ್ಲ. ಅಪ್ಪನ ಮುಖವನ್ನೇ ನೋಡುತ್ತ ಕೂತೆ.

ಮೇಷ್ಟ್ರು ಹೊಸ ಇನ್ಸ್‌ಪೆಕ್ಟರು ಶಾಲೆಗೆ ಬಂದ ಪ್ರಸಂಗ ಹೇಳುತ್ತಿದ್ದರು. ಅಪ್ಪ ಮೊದಲು ಅಭ್ಯಾಸದಂತೆ ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಾಗೆ ನೋಡುವುದು ನಿಂತಿತು. ಕುತ್ತಿಗೆ ಸಡಿಲವಾಯಿತು. ಕೈ ತೊಡೆಯ ಮೇಲೆ ಬಂದು ಕೂತಿತು. ಆಮೇಲೆ ಮೇಷ್ಟ್ರು ಒಂದು ಮಾತನ್ನು ತುಂಬ ಮೆಲ್ಲಗೆ, ಪಕ್ಕದವನಿಗೆ ಗುಟ್ಟು ಹೇಳುವ ಹಾಗೆ ಹೇಳಿದರು. ಇಡೀ ಹಾಲ್‌ನಲ್ಲಿ ಎಲ್ಲರಿಗಿಂತ ಮೊದಲು ನಕ್ಕವರು ಅಪ್ಪ. ಗೊಳ್ಳೆಂದು, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರುವಂತೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಮಗಳು ಒಂದು ಕ್ಷಣ ತಡೆದು, ಮಾತಿನ ಅರ್ಥ ಹೊಳೆದು, ತಾನೂ ನಕ್ಕಳು.

ನನಗೆ ಅಲ್ಲಿ ಕೂರಲಾಗಲಿಲ್ಲ. ಚಹಾದ ಮೇಜಿನ ಕಡೆ ಹೋಗಿ ಕಪ್ಪುಗಳನ್ನು ಸುಮ್ಮನೆ ಜೋಡಿಸುತ್ತ ನಿಂತೆ. ಅಕ್ಕ ಅಲ್ಲಿದ್ದರು. ಅವತ್ತು ಅವರು ಅತಿಥಿ. ಕಾರ್ಯದರ್ಶಿಗಳೇ ಎದುರು ಹೋಗಿ ಕರೆತಂದಿದ್ದರು. ಆದರೂ ಅಭ್ಯಾಸಬಲದಿಂದ ಚಹಾದ ಕಡೆಗೇ ಬಂದಿದ್ದರು.

"ಯಾಕ್ರಿ ಮೇಡಮ್, ಕಣ್ಣಾಗ ನೀರು?"

"ನಮ್ಮಪ್ಪ ನಕ್ರು ಅಕ್ಕಾ."

ಅವರು ನನ್ನ ಕೈಯಿಂದ ಕಪ್ಪು ತೆಗೆದುಕೊಂಡು, ಚಹಾ ತುಂಬಿ, ನನಗೇ ಕೊಟ್ಟರು.

ವಾಪಸು ಬರುವಾಗ ಮೇಲ್ಸೇತುವೆಯ ಮೇಲೆ ಅಪ್ಪ ನಿಂತು ನಿಂತು ಮೇಷ್ಟ್ರ ಮಾತುಗಳನ್ನು ಮೊದಲಿಂದ ಹೇಳಿದರು, ನಾವು ಅಲ್ಲಿ ಇರಲೇ ಇಲ್ಲವೆಂಬಂತೆ. ಮಗಳು ಅವರ ತೋಳು ಹಿಡಿದಿದ್ದಳು. ಮೆಟ್ಟಿಲು ಇಳಿಯುವಾಗ ಹಿಂತಿರುಗಿ, "ಮಮ್ಮಾ, ಮೇರಾ ಕನ್ನಡ ಇತನಾ ಭೀ ಖರಾಬ್ ನಹೀಂ ಹೈ," ಎಂದಳು. ಅಪ್ಪ, "ಕನ್ನಡದಾಗ ಹೇಳವಾ ಅದನ್ನ," ಎಂದರು. ಅವಳು ತಡವರಿಸಿ, "ನನ್ನ ಕನ್ನಡ ಅಷ್ಟ್ ಕೆಟ್ಟಿಲ್ಲ ಅಜ್ಜಾ," ಎಂದಳು. ಕೆಳಗೆ ವಿರಾರ್ ಲೋಕಲ್ ಬಂದು ನಿಂತಿತು. ಮಂದಿ ನಮ್ಮನ್ನು ತಳ್ಳಿಕೊಂಡು ಇಳಿದರು.

ಇದಾಗಿ ಆರು ವರ್ಷಗಳಾದವು. ಈಗ ಅಪ್ಪನ ಕಿವಿಗೆ ನಿಜಕ್ಕೂ ಮಷೀನು ಬಂದಿದೆ. ಬೋರಿವಲಿಯ ಅದೇ ಹುಡುಗಿ ಹಾಕಿದ್ದು. ಅದನ್ನು ಹಾಕಿಕೊಳ್ಳಲು ಅವರು ಹಟ ಮಾಡಲಿಲ್ಲ. ಸಂಘಕ್ಕೆ ಹೋಗಬೇಕಲ್ಲ ಎಂದರು. ನನ್ನ ಕಸುಬು ನನಗೆ ಸಂಬಳ ಕೊಟ್ಟಿದೆ, ಮನೆ ಕೊಟ್ಟಿದೆ, ಗಾಜಿನ ಕಟ್ಟಡಗಳಲ್ಲಿ ನನಗೆ ಕುರ್ಚಿ ಹಾಕಿ ನನ್ನ ಮಾತು ಕೇಳುವಂತೆ ಮಾಡಿದೆ. ಆದರೆ ಕಲಿತದ್ದು ಸಾರ್ಥಕವಾಯಿತು ಎನ್ನಿಸಿದ್ದು ಆ ಒಂದು ನಗುವಿನ ದಿನ. ಅದನ್ನು ನಾನೊಬ್ಬಳೇ ಮಾಡಿದ್ದಲ್ಲ. ಭಾನುವಾರ ಬಿಟ್ಟು ಬಂದ ಹಿರಿಯರು, ಮನೆಯ ಹಾಸಿಗೆ ಹೊತ್ತು ತಂದ ಮಂದಿ, ತಮ್ಮ ಗ್ರಾನೈಟನ್ನು ಮುಚ್ಚಲು ಒಪ್ಪಿದ ಕಾಕಾ, ಧಾರಾವಿಯ ಆ ಕೈಗಳು. ಯಾರ ಋಣವನ್ನು ಹೇಗೆ ತೀರಿಸುವುದು? ತೀರಿಸದೆ ಇಟ್ಟುಕೊಳ್ಳುವುದರಲ್ಲೂ ಒಂದು ಸುಖವಿದೆ.

ಮಳೆಗಾಲದಲ್ಲಿ ಕೌದಿಗಳು ಮುಗ್ಗಲು ಹಿಡಿಯುತ್ತವೆ. ಪ್ರತಿ ವರ್ಷ ಮಳೆ ಹಿಂದೆ ಸರಿದ ಮೇಲೆ ಅವನ್ನೆಲ್ಲ ಇಳಿಸಿ, ಒಗೆದು, ಬಿಳಿಗಾರದ ನೀರಿನಲ್ಲಿ ಮತ್ತೆ ಅದ್ದಿ, ಟೆರೇಸಿನ ಮೇಲೆ ಬಿಸಿಲಿಗೆ ಹಾಕುತ್ತಾರೆ. ಅಷ್ಟು ದಿನ ಸಂಘದ ಯಾವ ಸಭೆಯೂ ನಡೆಯುವುದಿಲ್ಲ. ಕಾರ್ಯದರ್ಶಿಗಳಿಗೆ ಈಗ ಎಪ್ಪತ್ತು ದಾಟಿದೆ. ಆದರೂ ಇಳಿಸುವಾಗ ಬೇರೆಯವರನ್ನು ನಂಬದೆ ಏಣಿಯ ಕೆಳಗೆ ನಿಂತು ಎರಡೂ ಕೈ ಚಾಚುತ್ತಾರೆ. "ಹಗೂರ, ಹಗೂರ... ಹೊಲಗಿ ಬಿಚ್ಚೀತು," ಎನ್ನುತ್ತಾರೆ. ಕಳೆದ ಬಾರಿ ಹಿಂದಿನ ಗೋಡೆಯ ದೊಡ್ಡ ಕೌದಿಯನ್ನು ಅದ್ದಿ ತೆಗೆದ ಮೇಲೆ, ಟೆರೇಸಿಗೆ ಒಯ್ಯಲು ನಾನೂ ಅವರೂ ಎರಡು ತುದಿ ಹಿಡಿದು ಮಡಿಚಿದೆವು. ಒದ್ದೆಯಾಗಿ ಭಾರವಾಗಿತ್ತು. ಮೇಲೆ ಬಿಸಿಲು ಚೆನ್ನಾಗಿತ್ತು.